ಮಗಳ ಪೇ ಸ್ಲಿಪ್, ನನ್ನ ಕಾರ್ಡು

ನವೆಂಬರ್ 22, 2025, ಶನಿವಾರ
ಎಡಿಸನ್, ನ್ಯೂಜೆರ್ಸಿ

ಬೆಳಗ್ಗೆ ಕಾಫಿ ಕುಡಿಯುವಾಗ ಮಗಳು ಫೋನು ಮುಂದೆ ಹಿಡಿದಳು. ಮೊದಲ ಕೆಲಸದ ಪೇ ಸ್ಲಿಪ್. ಹದಿನೈದು ದಿನಕ್ಕೆ 3,000 ಡಾಲರ್. ಒಂದು ಸಾಲು ತೋರಿಸಿ, "ಅಪ್ಪಾ, ಈ 43.50 ಯಾರಿಗೆ ಹೋಯ್ತು?" ಅಂದಳು.

"ನನಗೆ" ಅಂದೆ.

ಮೆಡಿಕೇರ್ ತೆರಿಗೆ ಅದು, ಅಂದರೆ ಮುಖ್ಯವಾಗಿ 65 ದಾಟಿದವರಿಗೆ ಅಮೆರಿಕ ಸರ್ಕಾರ ನಡೆಸುವ ಆರೋಗ್ಯ ವಿಮೆಗೆ ಕಟ್ಟುವ ದುಡ್ಡು. ಸಂಬಳದ 1.45 ಪರ್ಸೆಂಟ್. ಅವಳ ಕಂಪನಿಯೂ ಅಷ್ಟೇ ಕಟ್ಟುತ್ತದೆ. ಪರ್ಸಿನಿಂದ ನನ್ನ ಕೆಂಪು-ಬಿಳಿ-ನೀಲಿ ಮೆಡಿಕೇರ್ ಕಾರ್ಡು ತೆಗೆದು ತೋರಿಸಿದೆ. ಹೋದ ವರ್ಷ 65 ತುಂಬಿದಾಗ ಬಂದದ್ದು. ಕಾಗದದ್ದು, ಆಗಲೇ ಮೂಲೆ ಮಡಚಿದೆ.

ನಾನು ಇಷ್ಟು ವರ್ಷ ಕಟ್ಟಿದ್ದು ಎಲ್ಲೋ ನನ್ನ ಹೆಸರಲ್ಲಿ ಕೂತಿದೆ ಅಂತ ಅವಳು ತಿಳಿದಿದ್ದಳು. ಇಲ್ಲ. ಬಂದ ತೆರಿಗೆ ಬಂದ ಹಾಗೇ ನನ್ನಂಥವರ ಬಿಲ್ಲಿಗೆ ಹೋಗುತ್ತದೆ, ನಮ್ಮೂರ ಡೇರಿ ಇದ್ದ ಹಾಗೆ. ಬೆಳಗ್ಗೆ ಹಾಕಿದ ಹಾಲು ಬಿಸಿಲೇರುವ ಮುಂಚೆ ಲಾರಿ ಹತ್ತಿರುತ್ತದೆ. ಕ್ಯಾನಿನ ತಳದಲ್ಲಿ ಸ್ವಲ್ಪ ಉಳಿದರೆ ಉಳಿಯಿತು.

ಆ ಉಳಿದದ್ದು 2033ಕ್ಕೆ ಮುಗಿಯುತ್ತದೆ ಅಂತ ಜೂನ್‌ನಲ್ಲಿ ಬಂದ, ಮೆಡಿಕೇರ್ ನಿಧಿ ನೋಡಿಕೊಳ್ಳುವ ಟ್ರಸ್ಟಿಗಳ ವರದಿ ಹೇಳಿದೆ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಇದೇ ಸುದ್ದಿ "ಮೆಡಿಕೇರ್ ದಿವಾಳಿ" ಆಗಿ ತಿರುಗುತ್ತಿದೆ. ಸುಮ್ನೆ ಹೆದರಿಸೋದು! ಆಸ್ಪತ್ರೆ ಖರ್ಚು ನೋಡಿಕೊಳ್ಳುವ ಪಾರ್ಟ್ ಎ ನಿಧಿಯ ಕಥೆ ಮಾತ್ರ ಇದು. ಉಳಿಕೆ ಕರಗಿದ ಮೇಲೂ ಬರುವ ತೆರಿಗೆಯಿಂದ ಬಿಲ್ಲಿನ 89 ಪರ್ಸೆಂಟ್ ಕೊಡಬಹುದು. ಆದರೆ ನೂರಕ್ಕೆ ಹನ್ನೊಂದು ಕಡಿಮೆ ಬಿದ್ದರೆ ಆಸ್ಪತ್ರೆಯವರು ಸುಮ್ಮನಿರುತ್ತಾರಾ? ನಾನಂತೂ ನಂಬುವುದಿಲ್ಲ.

ಡಾಕ್ಟರ ಫೀಸಿನ ಪಾರ್ಟ್ ಬಿಗೆ ಈ ಭಯವಿಲ್ಲ. ಅಲ್ಲಿ ಮುಕ್ಕಾಲು ಪಾಲು ಸರ್ಕಾರದ ಬೊಕ್ಕಸದ್ದು, ಉಳಿದದ್ದು ನಮ್ಮ ಪ್ರೀಮಿಯಂ. ಖರ್ಚು ಏರಿದಷ್ಟೂ ಅದೂ ಏರುತ್ತದೆ. ತಿಂಗಳಿಗೆ 185 ಇದ್ದದ್ದು ಜನವರಿಯಿಂದ 202.90. ಇದನ್ನು ಕೇಳಿ ನನ್ನಾಕೆ ಮುಖ ಸಿಂಡರಿಸಿದಳು.

ಮಗಳು ಪೇಪರು ತಗೊಂಡು ಲೆಕ್ಕಕ್ಕೆ ಕೂತಳು. ಮುಂದಿನ 75 ವರ್ಷದ ಪಾರ್ಟ್ ಎ ಕೊರತೆ ತುಂಬಲು ಒಟ್ಟು ತೆರಿಗೆ 2.9ರಿಂದ 3.32 ಪರ್ಸೆಂಟ್ ಆದರೆ ಸಾಕು ಅಂತ ಅದೇ ವರದಿ. ಅವಳ ಪಾಲಿಗೆ ಈ ಸ್ಲಿಪ್ಪಿನಲ್ಲಿ ಹೆಚ್ಚಾಗಿ ಬರುವುದು 6.30 ಡಾಲರ್.

"ಇಷ್ಟೇನಾ? ಮತ್ಯಾಕೆ ಮಾಡಲ್ಲ?"

ತೆರಿಗೆ ಏರಿಸಿದವನಿಗೆ ವೋಟು ಯಾರು ಹಾಕುತ್ತಾರೆ ಅಂದೆ. ನನ್ನಂಥ ಪಿಂಚಣಿ, ಬಾಡಿಗೆ ಎರಡೂ ಇರುವವರಿಂದ ಇನ್ನಷ್ಟು ತಗೊಳ್ಳಲಿ ಅನ್ನೋದೂ ಮನಸ್ಸಿನಲ್ಲಿತ್ತು. ಬಾಯಿ ಬಿಡಲಿಲ್ಲ, ನನ್ನಾಕೆ ಅಲ್ಲೇ ಇದ್ದಳು.

ಮಗಳಿಗೆ 65 ಆಗೋದು 2067ಕ್ಕೆ. ಅದನ್ನೂ ಪೇಪರಿನ ಮೂಲೆಯಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದಾಳೆ.