ಗುಲುವಿನಲ್ಲಿ ಮೂರನೆಯ ವಾರ

ಉತ್ತರ ಉಗಾಂಡದ ಗುಲು ಪಟ್ಟಣ ದಾಟಿ, ಕೆಮ್ಮಣ್ಣಿನ ದಾರಿಯ ಕೊನೆಯಲ್ಲಿ ನಮ್ಮ ಮಿಷನ್ನಿನ ಚಿಕ್ಕ ಚಿಕಿತ್ಸಾಲಯವಿದೆ. ನಾನು ಮಂಗಳೂರಿನಿಂದ ಬಂದ ದಾದಿ. ಬೆಳಗ್ಗೆ ಐದೂವರೆಗೆ 20 ಲೀಟರಿನ ಹಳದಿ ಕ್ಯಾನು ಹಿಡಿದು ಕೈಪಂಪಿನ ಮುಂದೆ ಸಾಲಿನಲ್ಲಿ ನಿಲ್ಲುತ್ತೇನೆ. ಇಲ್ಲಿನ ಹೆಂಗಸರು ಅದನ್ನು ತಲೆಯ ಮೇಲಿಟ್ಟು ಕೈಬಿಟ್ಟೇ ನಡೆಯುತ್ತಾರೆ. ನಾನು ದಾರಿಯಲ್ಲಿ ಎರಡು ಸಲ ಇಳಿಸುತ್ತೇನೆ.

ಪ್ರಾರ್ಥನೆ ಮುಗಿಯುವಷ್ಟರಲ್ಲಿ ಮಾವಿನ ಮರದ ಕೆಳಗೆ ತಾಯಂದಿರು ಕೂತಿರುತ್ತಾರೆ. ಹೆಚ್ಚಿನವರ ಮಡಿಲಲ್ಲಿ ಮಲೇರಿಯಾದ ಮಗು. ಬೆರಳು ಚುಚ್ಚಿ ಒಂದು ಹನಿ ರಕ್ತ, ಹದಿನೈದು ನಿಮಿಷ ಕಾಯುವುದು, ಆಮೇಲೆ ಮಾತ್ರೆ: ಮೂರು ದಿನ, ಆರು ಸಲ. ಎರಡನೆಯ ದಿನಕ್ಕೆ ಜ್ವರ ಇಳಿದರೆ ಉಳಿದ ಮಾತ್ರೆಗಳನ್ನು ಮುಂದಿನ ಜ್ವರಕ್ಕೆಂದು ಎತ್ತಿಡುತ್ತಾರೆ. ಬಡತನ ಕಲಿಸಿದ ಉಳಿತಾಯ ಅದು, ಗದರಲು ಮನಸ್ಸು ಬರುವುದಿಲ್ಲ. ಆದರೂ ಬಿಡದೆ ಹೇಳುತ್ತೇನೆ.

ಮಧ್ಯಾಹ್ನ ಪೋಷೋ, ಅಂದರೆ ಮೆಕ್ಕೆಜೋಳದ ಬಿಳಿ ಮುದ್ದೆ, ಜೊತೆಗೆ ಮಲಕ್ವಾಂಗ್. ನೆಲಗಡಲೆ, ಎಳ್ಳು ಅರೆದು ಹಾಕಿ ಬೇಯಿಸಿದ ಹುಳಿ ಸೊಪ್ಪು. ಮೊದಲ ತುತ್ತಿಗೇ ಹುಬ್ಬಳ್ಳಿಯ ಅತ್ತೆ ಮಾಡುವ ಪುಂಡಿಪಲ್ಲೆ ನೆನಪಾಗಿ ಕಣ್ಣು ತುಂಬಿತು.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ನಮ್ಮ ಭಾಷೆಗಳನ್ನು ಕಲಿತರು. ಅವರಲ್ಲೊಬ್ಬರಾದ ಕಿಟ್ಟೆಲ್ 1894ರಲ್ಲಿ ಕನ್ನಡಕ್ಕೆ ನಿಘಂಟನ್ನೇ ಕೊಟ್ಟರು. ಆ ಋಣ ನನ್ನ ಮೇಲೂ ಇದೆ ಎಂದು ನಂಬಿದ್ದೇನೆ. ಹಾಗಾಗಿ ರಾತ್ರಿ ಸೌರದೀಪದ ಬೆಳಕಿನಲ್ಲಿ ಇಲ್ಲಿನ ಜನರ ಭಾಷೆಯಾದ ಅಚೋಲಿಯ ಹತ್ತು ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುತ್ತೇನೆ. ‘ಅಪ್ವೊಯೊ’ ಎಂದರೆ ನಮಸ್ಕಾರವೂ ಹೌದು, ಕೃತಜ್ಞತೆಯೂ ಹೌದು. ನಿನ್ನೆ ಒಬ್ಬ ಅಜ್ಜಿ ನನ್ನ ಉಚ್ಚಾರಣೆಯನ್ನು ನಾಲ್ಕು ಸಲ ತಿದ್ದಿ, ಐದನೆಯದಕ್ಕೆ ನನ್ನ ಎರಡೂ ಕೈ ಹಿಡಿದುಕೊಂಡರು.