ಚೆನ್ನಾಗಿ ಕುದಿಸಿದ್ದೆನಲ್ಲ!

ಶನಿವಾರ ರಾತ್ರಿ ಅಕ್ಕ, ಭಾವ ಮತ್ತು ಅವರ ಇಬ್ಬರು ಮಕ್ಕಳು ನಮ್ಮ ಮನೆಗೆ ಊಟಕ್ಕೆ ಬರುವವರಿದ್ದರು. ಅಡುಗೆ ನನ್ನದೇ ಅಂತ ಜಂಬದಿಂದ ಒಪ್ಪಿಕೊಂಡಿದ್ದೆ. ಎರಡೂವರೆ ಕಿಲೋ ಚಿಕನ್ ತಂದೆ. ಅಟ್ಟದ ಮೇಲಿದ್ದ ದೊಡ್ಡ ಪಾತ್ರೆ ಇಳಿಸಿದೆ. ಮಧ್ಯಾಹ್ನದಿಂದ ಹೆಂಡತಿಯನ್ನು ಅಡುಗೆಮನೆಯ ಕಡೆ ಸುಳಿಯಲು ಬಿಡಲಿಲ್ಲ. ಸಂಜೆ ಏಳೂವರೆಗೆ ಸಾರು ತಯಾರಾಯಿತು. ನಾನೇ ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ, ಅಷ್ಟು ಚೆನ್ನಾಗಿ ನಾನು ಯಾವತ್ತೂ ಮಾಡಿರಲಿಲ್ಲ.

ಎಂಟೂವರೆಗೆ ಊಟಕ್ಕೆ ಕೂತೆವು. ಒಂಬತ್ತೂವರೆಗೆ ಅವರು ಹೊರಟು ನಿಂತಾಗ ಪಾತ್ರೆಯಲ್ಲಿ ಇನ್ನೂ ಅರ್ಧ ಸಾರಿತ್ತು. ಭಾವನಿಗೆ ಒಂದು ಡಬ್ಬ ಕಟ್ಟಿಕೊಡೋಣ ಅನ್ನಿಸಿತು. ಸೌಟಿಗೆ ಒಳ್ಳೆಯ ಪೀಸುಗಳು ಸಿಗಲಿಲ್ಲ. ಸಾರು ಅಷ್ಟೊತ್ತಿಗೆ ಕೈ ಸುಡದಷ್ಟು ಆರಿತ್ತು. ಸುಮ್ನೆ ಕೈ ಹಾಕಿ, ತಡಕಾಡಿ, ಮೂರು ಲೆಗ್ ಪೀಸು ತೆಗೆದು ಡಬ್ಬಕ್ಕೆ ಹಾಕಿದೆ. ಎರಡು ದಿನದ ಹಿಂದೆ ಈರುಳ್ಳಿ ಹೆಚ್ಚುವಾಗ ಹೆಬ್ಬೆರಳು ಕುಯ್ದುಕೊಂಡಿದ್ದೆ. ಅದು ಸ್ವಲ್ಪ ಊದಿ, ಕೀವು ಕಟ್ಟಿತ್ತು. ಸುತ್ತಿದ್ದ ಪಟ್ಟಿ ಪಾತ್ರೆ ತೊಳೆಯುವಾಗಲೇ ಎಲ್ಲೋ ಬಿದ್ದುಹೋಗಿತ್ತು. ಓದುತ್ತಿರುವವರಿಗೆ ಅಸಹ್ಯ ಅನ್ನಿಸಬಹುದು. ನನಗೂ ಈಗ ಹಾಗೇ ಅನ್ನಿಸುತ್ತದೆ. ಆದರೆ ಈ ಹೆಬ್ಬೆರಳನ್ನು ಬಿಟ್ಟು ಮುಂದಿನ ಕಥೆ ಹೇಳಲು ಆಗುವುದಿಲ್ಲ.

ಅವರು ಹೋದ ಮೇಲೆ ಪಾತ್ರೆಯನ್ನು ಫ್ರಿಜ್ಜಿಗೆ ಇಡಲು ನೋಡಿದೆ. ಹಿಡಿಸಲಿಲ್ಲ. ಮೇಲಾಗಿ ಇನ್ನೂ ಬಿಸಿಯಿತ್ತು. ಬಿಸಿ ಪಾತ್ರೆ ಇಟ್ಟರೆ ಫ್ರಿಜ್ಜು ಕೆಡುತ್ತದೆ ಅಂತ ಚಿಕ್ಕಂದಿನಿಂದ ಕೇಳಿಕೊಂಡು ಬಂದಿದ್ದೇನೆ. ಆರಲಿ ಅಂತ ಮುಚ್ಚಳ ಮುಚ್ಚಿ ಒಲೆಯ ಮೇಲೇ ಬಿಟ್ಟೆ. ರಾತ್ರಿ ಒಂದು ಗಂಟೆಗೆ ನೀರು ಕುಡಿಯಲು ಎದ್ದಾಗ ಪಾತ್ರೆ ಮುಟ್ಟಿ ನೋಡಿದ್ದು ನೆನಪಿದೆ. ಕೈಗೆ ಹಿತವಾಗಿ, ಸ್ನಾನದ ನೀರಿನ ಹಾಗೆ ಬೆಚ್ಚಗಿತ್ತು. ಇನ್ನೂ ಆರಿಲ್ಲ ಅಂದುಕೊಂಡು ಹೋಗಿ ಮಲಗಿದೆ. ಆ ಹಿತವಾದ ಬಿಸಿ ಯಾರಿಗೆ ಹಿತ ಅಂತ ಆಗ ಗೊತ್ತಿರಲಿಲ್ಲ.

ಬೆಳಗ್ಗೆ ಏಳಕ್ಕೆ ಮುಚ್ಚಳ ತೆಗೆದ ಹೆಂಡತಿ ಕೂಗಿದಳು. "ರೀ, ಇದು ರಾತ್ರಿಯೆಲ್ಲಾ ಹೊರಗೇ ಇತ್ತಾ?"

"ವಾಸನೆ ನೋಡು. ಏನೂ ಆಗಿಲ್ಲ."

"ವಾಸನೆ ಚೆನ್ನಾಗೇ ಇದೆ. ಆದ್ರೂ ಬೇಡ, ಚೆಲ್ಲಿಬಿಡಿ."

ಚೆಲ್ಲುವುದಾ? ಅರ್ಧ ದಿನ ಬೆವರು ಸುರಿಸಿ ಮಾಡಿದ್ದನ್ನು? "ಚೆನ್ನಾಗಿ ಕುದಿಸಿದರೆ ಇರೋದೆಲ್ಲಾ ಸಾಯುತ್ತೆ" ಅಂತ ಅವಳಿಗೆ ವಿಜ್ಞಾನ ಹೇಳಿದೆ. ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ಕೊತಕೊತ ಕುದಿಸಿದೆ. ಅವಳು ತಾನೂ ಮುಟ್ಟಲಿಲ್ಲ, ಮಗಳಿಗೂ ಕೊಡಲಿಲ್ಲ. ಇಬ್ಬರೂ ಬ್ರೆಡ್ಡು ತಿಂದರು. ನಾನು ಒಂಬತ್ತೂವರೆಗೆ ಎರಡು ಸಲ ಬಡಿಸಿಕೊಂಡು ತಿಂದೆ. ಎರಡನೇ ಸಲದ್ದು ಅವಳಿಗೆ ತೋರಿಸಲಿಕ್ಕೆ.

ಹನ್ನೆರಡೂವರೆ ಹೊತ್ತಿಗೆ ಬಾಯಲ್ಲಿ ನೀರೂರಲು ಶುರುವಾಯಿತು. ಹಸಿವಿಗೆ ಊರುತ್ತದಲ್ಲ, ಆ ಥರದ್ದಲ್ಲ. ಗಂಟಲ ಕೆಳಗಿನಿಂದ ಏನೋ ಎದ್ದು ಬರುವ ಮುಂಚೆ ಊರುವ ನೀರು. ಒಂದು ಗಂಟೆಯೊಳಗೆ ಐದು ಸಲ ವಾಂತಿಯಾಯಿತು. ಕೊನೆಕೊನೆಗೆ ಬರಲು ಏನೂ ಉಳಿದಿರಲಿಲ್ಲ, ಆದರೂ ಹೊಟ್ಟೆ ಬಟ್ಟೆ ಹಿಂಡಿದ ಹಾಗೆ ಹಿಂಡುತ್ತಿತ್ತು. ಜ್ವರ ಇರಲಿಲ್ಲ. ಬಚ್ಚಲುಮನೆಯ ನೆಲದ ಮೇಲೆ ಕೂತು ಗೋಡೆಗೆ ಕೆನ್ನೆ ಆನಿಸಿಕೊಂಡಿದ್ದೆ. ತಣ್ಣಗಿನ ಟೈಲ್ಸು ಅಷ್ಟು ಇಷ್ಟವಾಗಿದ್ದು ಅದೇ ಮೊದಲು.

ಭಾನುವಾರವೂ ತೆರೆದಿದ್ದ ಒಂದು ಕ್ಲಿನಿಕ್ಕಿಗೆ ಹೆಂಡತಿ ಕರೆದುಕೊಂಡು ಹೋದಳು. ಡಾಕ್ಟರು ಔಷಧಿಗಿಂತ ಜಾಸ್ತಿ ಪ್ರಶ್ನೆಗಳನ್ನೇ ಕೊಟ್ಟರು. ಏನು ತಿಂದಿರಿ, ಎಷ್ಟು ಹೊತ್ತಿಗೆ, ವಾಂತಿ ಮೊದಲಾ ಬೇಧಿ ಮೊದಲಾ, ಜೊತೆಗೆ ಯಾರು ತಿಂದರು. ಎಲ್ಲಾ ಹೇಳಿದೆ. ಪಾತ್ರೆ ಹೊರಗಿದ್ದ ವಿಷಯವನ್ನು ಮಾತ್ರ ಹೆಂಡತಿಯೇ ಹೇಳಬೇಕಾಯಿತು.

"ಆದರೆ ಚೆನ್ನಾಗಿ ಕುದಿಸಿದ್ದೆನಲ್ಲ ಡಾಕ್ಟ್ರೇ" ಅಂದೆ.

"ನೀವು ಕುದಿಸಿ ಕೊಂದಿದ್ದು ಬ್ಯಾಕ್ಟೀರಿಯಾಗಳನ್ನ. ಅವು ರಾತ್ರಿಯೆಲ್ಲಾ ಬಿಟ್ಟ ವಿಷ ಅಲ್ಲೇ ಇತ್ತು. ಅದು ಕುದಿಸಿದರೆ ಹೋಗಲ್ಲ" ಅಂದರು. ಆಮೇಲೆ ನನ್ನ ಹೆಬ್ಬೆರಳನ್ನು ನೋಡಿದರು. "ಈ ಕೈಯಲ್ಲೇ ಅಡುಗೆ ಮಾಡಿದ್ರಾ?"

ಪರೀಕ್ಷೆ ಮಾಡಿಸದೆ ಇಂಥದ್ದೇ ಅಂತ ಖಚಿತವಾಗಿ ಹೇಳಲಾಗದು ಅಂದರು. ಆದರೆ ಅವರ ಅನುಮಾನ ಸ್ಟ್ಯಾಫಿಲೋಕಾಕಸ್ ಔರಿಯಸ್ ಅನ್ನುವ ಬ್ಯಾಕ್ಟೀರಿಯಾದ ಮೇಲಿತ್ತು. ಅದು ತುಂಬ ಜನರ ಮೂಗಿನಲ್ಲಿ, ಚರ್ಮದ ಮೇಲೆ ಸುಮ್ಮನೆ ಇರುತ್ತದಂತೆ. ಕೀವು ಕಟ್ಟಿದ ಗಾಯದಲ್ಲಿ ಅದರದ್ದೇ ದರ್ಬಾರು. ಕೈಯಿಂದ ಬೆಂದ ಮಾಂಸಕ್ಕೆ ಇಳಿದು, ಬೆಚ್ಚಗಿನ ಜಾಗದಲ್ಲಿ ಬೆಳೆದು, ವಿಷ ಮಾಡಿಡುತ್ತದೆ. ತಿಂದ ಅರ್ಧ ಗಂಟೆಯಿಂದ ಎಂಟು ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. ನನಗೆ ಆಗಿದ್ದು ಮೂರು ಗಂಟೆಗೆ.

ಓಆರ್‌ಎಸ್ ಪೊಟ್ಟಣ ಕೊಟ್ಟು, ಗಟಗಟ ಕುಡಿಯದೆ ಗುಟುಕು ಗುಟುಕಾಗಿ ಕುಡಿಯಲು ಹೇಳಿದರು. ಒಂದು ಗುಟುಕೂ ಒಳಗೆ ನಿಲ್ಲದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಜ್ವರ 102 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ತಕ್ಷಣ ಬನ್ನಿ ಅಂದರು. ಯಾವುದೂ ಆಗಲಿಲ್ಲ.

ಸಂಜೆ ಮಲಗಿದಲ್ಲೇ ಫೋನ್ ಹಿಡಿದು ಓದುತ್ತಾ ಹೋದೆ. ಹೊಟ್ಟೆ ಖಾಲಿಯಾದಾಗ ತಲೆಗೆ ಚೆನ್ನಾಗಿ ಹತ್ತುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಬಹಳ ಸರಳ. ಬೇಯಿಸಿದ ಆಹಾರವನ್ನು ಹೊರಗೆ ಎರಡು ಗಂಟೆಗಿಂತ ಜಾಸ್ತಿ ಬಿಡಬೇಡಿ. ಬಿಸಿಯಾಗಿ ಇಡುವುದಾದರೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣಗೆ ಇಡುವುದಾದರೆ 5 ಡಿಗ್ರಿಗಿಂತ ಕೆಳಗೆ. ನಡುವಿನದು ಅಪಾಯದ ಜಾಗ. ಹೊರಗಿನ ಸೆಕೆ 32 ಡಿಗ್ರಿ ದಾಟಿದ್ದರೆ ಎರಡಲ್ಲ, ಒಂದೇ ಗಂಟೆ ಅನ್ನುತ್ತದೆ ಅಮೆರಿಕದ ಕೃಷಿ ಇಲಾಖೆ. ನನ್ನ ಪಾತ್ರೆ ಆ ನಡುವಿನ ಜಾಗದಲ್ಲಿ ಇಡೀ ರಾತ್ರಿ ಸುಖವಾಗಿ ಕೂತಿತ್ತು.

ಹದವಾದ ಬಿಸಿ ಸಿಕ್ಕರೆ ಬ್ಯಾಕ್ಟೀರಿಯಾಗಳು 20 ನಿಮಿಷಕ್ಕೊಮ್ಮೆ ಎರಡು ಪಟ್ಟು ಆಗಬಲ್ಲವಂತೆ. ನಾನು ಪಾತ್ರೆ ಮುಟ್ಟಿ ನೋಡಿದ ಒಂದು ಗಂಟೆಯಿಂದ ಬೆಳಗ್ಗೆ ಏಳರವರೆಗೆ ಆರು ಗಂಟೆ. ಅಂದರೆ ಹದಿನೆಂಟು ಸಲ. ಲೆಕ್ಕ ಹಾಕಿದೆ. ಒಂದು ಇದ್ದದ್ದು 2,62,144 ಆಗುತ್ತದೆ. ಹೆಬ್ಬೆರಳಿನಿಂದ ನೂರು ಇಳಿದಿದ್ದರೆ ಎರಡೂವರೆ ಕೋಟಿ ದಾಟುತ್ತದೆ. ನಿಜವಾದ ಸಾರಿನಲ್ಲಿ ಲೆಕ್ಕ ಇಷ್ಟು ನೇರವಾಗಿ ಇರಲಿಕ್ಕಿಲ್ಲ. ಆದರೂ ಆ ಸಂಖ್ಯೆ ನೋಡಿ ಇನ್ನೊಂದು ಸಲ ಬಚ್ಚಲಿಗೆ ಹೋಗಿ ಬಂದೆ.

ಮೂಗನ್ನು ನಂಬಿದ್ದು ಯಾಕೆ ಕೈಕೊಟ್ಟಿತು ಅಂತಲೂ ಗೊತ್ತಾಯಿತು. ಹಳಸಿದ ವಾಸನೆ, ಲೋಳೆ, ಹುಳಿ ಎಲ್ಲಾ ಆಹಾರ ಕೆಡಿಸುವ ಜೀವಿಗಳ ಕೆಲಸ. ಮನುಷ್ಯನನ್ನು ಮಲಗಿಸುವ ಜೀವಿಗಳು ಬೇರೆ. ಅವು ರುಚಿಯನ್ನಾಗಲಿ ವಾಸನೆಯನ್ನಾಗಲಿ ಕೆಡಿಸಬೇಕು ಅಂತೇನಿಲ್ಲ.

ಹೆಬ್ಬೆರಳೇ ಇರದಿದ್ದರೂ ನಾನು ಬಚಾವಾಗುತ್ತಿದ್ದೆ ಅನ್ನುವ ಹಾಗಿಲ್ಲ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಅಂತ ಇನ್ನೊಂದಿದೆ. ಮಾಂಸದಲ್ಲೇ ಬರುತ್ತದೆ. ಅದರ ಬೀಜಕಗಳು, ಅಂದರೆ ಗಟ್ಟಿ ಕವಚದೊಳಗೆ ಮಲಗಿರುವ ರೂಪ, ಬೇಯಿಸಿದರೂ ಸಾಯುವುದಿಲ್ಲ. ಕುದಿಯುವಾಗ ಸಾರಿನಲ್ಲಿದ್ದ ಗಾಳಿ ಹೊರಟುಹೋಗುತ್ತದೆ. ಇದಕ್ಕೆ ಬೇಕಾಗಿರುವುದೂ ಗಾಳಿಯಿಲ್ಲದ ಜಾಗವೇ. ದೊಡ್ಡ ಪಾತ್ರೆ ನಿಧಾನಕ್ಕೆ ಆರುವಾಗ ಬೀಜಕ ಒಡೆದು ಬೆಳೆಯುತ್ತದೆ. ತಿಂದ 6ರಿಂದ 24 ಗಂಟೆಯೊಳಗೆ ಹೊಟ್ಟೆ ನುಲಿತ, ಬೇಧಿ. ದೊಡ್ಡ ಪಾತ್ರೆ, ಗಟ್ಟಿ ಮುಚ್ಚಳ, ಆರಲಿ ಬಿಡು ಅನ್ನುವ ಯಜಮಾನ. ಅದಕ್ಕೂ ನಾನು ಎಲ್ಲಾ ಅನುಕೂಲ ಮಾಡಿಕೊಟ್ಟಿದ್ದೆ.

ಫ್ರಿಜ್ಜಿನ ವಿಷಯದಲ್ಲಿ ನಾನು ಕೇಳಿಕೊಂಡು ಬಂದದ್ದು ಅರ್ಧ ನಿಜ. ಬಿಸಿ ಪಾತ್ರೆಯನ್ನು ಇಡಿಯಾಗಿ ತುರುಕಿದರೆ ಪಕ್ಕದ ಹಾಲು ಮೊಸರೂ ಬೆಚ್ಚಗಾಗುತ್ತವೆ, ಪಾತ್ರೆಯ ನಡುಭಾಗವೂ ಬೇಗ ಆರುವುದಿಲ್ಲ. ಅದಕ್ಕೆ ಮದ್ದು ಕಾಯುವುದಲ್ಲ, ಹಂಚುವುದು. ಅಗಲವಾದ, ಆಳವಿಲ್ಲದ ಡಬ್ಬಗಳಿಗೆ ಸುಮಾರು 5 ಸೆಂಟಿಮೀಟರ್ ಎತ್ತರಕ್ಕೆ ಸುರಿದು ಬಿಸಿ ಇದ್ದಾಗಲೇ ಇಡಬಹುದು. ಅವಸರವಿದ್ದರೆ ಪಾತ್ರೆಯನ್ನು ಐಸ್ ನೀರಿನ ಬಕೆಟ್ಟಿನಲ್ಲಿ ಕೂರಿಸಿ ಕೈಯಾಡಿಸಬಹುದು. ಹಾಗೆ ಇಟ್ಟದ್ದು ಮೂರು, ನಾಲ್ಕು ದಿನ ಬರುತ್ತದೆ. ಹತ್ತು ನಿಮಿಷದ ಕೆಲಸ. ನಾನು ಆ ಹತ್ತು ನಿಮಿಷ ಸೋಫಾದ ಮೇಲೆ ಕೂತು ನನ್ನ ಅಡುಗೆಯನ್ನು ನಾನೇ ಹೊಗಳಿಕೊಂಡಿದ್ದೆ.

ಇಷ್ಟೆಲ್ಲಾ ಓದಿದ ಮೇಲೆ ಎದೆ ಧಸಕ್ಕೆಂದಿತು. ಭಾವನ ಡಬ್ಬ! ಅದೇ ಸಾರು, ಅದೇ ಹೆಬ್ಬೆರಳು. ಲೆಗ್ ಪೀಸುಗಳನ್ನಂತೂ ನಾನೇ ಕೈಯಾರೆ ಆರಿಸಿ ಹಾಕಿದ್ದೆ. ಫೋನ್ ಮಾಡಿದೆ. ಬಾಯಿ ಒಣಗಿತ್ತು.

"ಭಾವ, ಆ ಡಬ್ಬ ಮುಟ್ಟಬೇಡಿ. ಚೆಲ್ಲಿಬಿಡಿ."

"ಯಾವ ಡಬ್ಬ? ಅದು ಬೆಳಗ್ಗೇನೇ ಖಾಲಿ ಆಯ್ತಲ್ಲೋ."

"ಹೊಟ್ಟೆ ಹೇಗಿದೆ?"

"ನನ್ನ ಹೊಟ್ಟೆಗೇನು, ಕಲ್ಲು ಹಾಕಿದ್ರೂ ಅರಗುತ್ತೆ. ಯಾಕೆ?"

ಹೊಟ್ಟೆಯ ಗಟ್ಟಿತನ ಅಲ್ಲ, ನನಗೆ ಗೊತ್ತಿತ್ತು. ಅಕ್ಕನನ್ನು ಕೇಳಿದೆ. ರಾತ್ರಿ ಹತ್ತೂಕಾಲಕ್ಕೆ ಮನೆ ಸೇರಿದ ಕೂಡಲೇ, ಚಪ್ಪಲಿ ಬಿಡುವ ಮುಂಚೆಯೇ ಡಬ್ಬವನ್ನು ಫ್ರಿಜ್ಜಿಗೆ ಇಟ್ಟಳಂತೆ. ಬಡಿಸಿ ಎರಡು ಗಂಟೆ ಕೂಡ ಆಗಿರಲಿಲ್ಲ. ಸಣ್ಣ ಡಬ್ಬ, ಬೇಗ ತಣ್ಣಗಾಗಿರಬೇಕು. ಒಂದೇ ಪಾತ್ರೆಯ ಸಾರು. ಅವರಿಗೆ ತಿಂಡಿಯಾಯಿತು, ನನಗೆ ಔಷಧಿ ಚೀಟಿಯಾಯಿತು.

ಗಾಯದ ಕೈ ಹಾಕಿದ್ದನ್ನು ಅಕ್ಕನಿಗೆ ಹೇಳಲೋ ಬೇಡವೋ ಅಂತ ಯೋಚಿಸುತ್ತಿದ್ದೆ. ಅಷ್ಟರಲ್ಲಿ ಭಾವ ಫೋನ್ ಕಿತ್ತುಕೊಂಡರು.

"ಅಲ್ಲೋ, ಇನ್ನೊಂದು ಸ್ವಲ್ಪ ಉಳಿದಿದೆಯಾ?"

ಹೆಂಡತಿ ಆಗಲೇ ದೊಡ್ಡ ಪಾತ್ರೆಗೆ ಸೋಪಿನ ನೀರು ಹಾಕಿ ನೆನೆಸಿದ್ದಳು.