ಬೀಡಿನ ಚಕ್ರಕ್ಕೆ ಆಸಿಡ್ ಬೇಡ

ನಮ್ಮ ಕಲಬುರಗಿ ಕಡೆ ಜೋಳದ ಕಣಕಿ ಕತ್ತರಿಸುವ ಹಳೇ ಮಶೀನುಗಳು ಇನ್ನೂ ಎಷ್ಟೋ ಹೊಲ, ಹಿತ್ತಲುಗಳಲ್ಲಿ ನಿಂತಿವೆ. ಬೀಡಿನ, ಅಂದರೆ ಎರಕದ ಕಬ್ಬಿಣದ ದೊಡ್ಡ ಚಕ್ರ, ಅದಕ್ಕೆ ಬೋಲ್ಟಿನಿಂದ ಬಿಗಿದ ಬ್ಲೇಡು. ಕಪನೂರಿನ ನಮ್ಮ ಶೆಡ್ಡಿಗೆ ಇಂಥವು ಬಣ್ಣಕ್ಕೆ ಬರುತ್ತಿರುತ್ತವೆ. ಈಚೆಗೆ ಆಳಂದ ಕಡೆಯ ಕಾಕಾ ಒಬ್ಬರು ಮಶೀನಿನ ಜೊತೆ ಆಸಿಡ್ ಬಾಟಲಿಯನ್ನೂ ತಂದಿದ್ದರು. "ಇದು ಹಾಕಿ ತೊಳೀರಿ, ಜಲ್ದಿ ಆಗ್ತದ" ಅಂದರು. ಬಾಟಲಿ ವಾಪಸ್ ಕೊಟ್ಟೆ.

ಬಾತ್‌ರೂಮ್ ತೊಳೆಯುವ ಆಸಿಡ್ ತುಕ್ಕು ತಿನ್ನುತ್ತದೆ, ನಿಜ. ಕಬ್ಬಿಣವನ್ನೂ ತಿನ್ನುತ್ತದೆ. ಬೀಡಿನ ಸಣ್ಣ ಸಣ್ಣ ತೂತುಗಳಲ್ಲಿ ಕೂತದ್ದು ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಆಮೇಲೆ ಬಣ್ಣದ ಕೆಳಗೇ ತುಕ್ಕು ಎದ್ದು ಗುಳ್ಳೆ ಬರುತ್ತದೆ. ಅದರ ಹೊಗೆ ಎದೆಗೂ ಕೆಟ್ಟದ್ದು, ಪಕ್ಕದಲ್ಲಿಟ್ಟ ಪಾನಾ, ಡ್ರಿಲ್ಲುಗಳಿಗೂ ತುಕ್ಕು ಹಿಡಿಸುತ್ತದೆ.

ಮೊದಲು ಬ್ಲೇಡು ಬಿಚ್ಚಿಡಿ. ಚಕ್ರ ತಾನಾಗಿ ತಿರುಗಿದರೆ ಬೆರಳು ಉಳಿಯುವುದಿಲ್ಲ. ಬೋಲ್ಟು ಬರಲಿಲ್ಲ ಅಂತ ಸುತ್ತಿಗೆಯಿಂದ ಬಡಿಯಬೇಡಿ, ಬೀಡು ಬಗ್ಗುವುದಿಲ್ಲ, ಒಡೆಯುತ್ತದೆ. ಎಣ್ಣೆ ಹಾಕಿ ರಾತ್ರಿ ಬಿಡಿ.

ಹಳೇ ಬಣ್ಣದ ವಿಷಯದಲ್ಲಿ ನಾನು ತುಂಬಾ ಗಟ್ಟಿ. ಅದರಲ್ಲಿ ಸೀಸ ಇರಬಹುದು. ಮನೆ ಬಣ್ಣಕ್ಕೇ ಸೀಸದ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮಿತಿ ಜಾರಿಯಾದದ್ದು 2017ರ ನವೆಂಬರಿನಲ್ಲಿ, ಅಲ್ವಾ? ಇದು ಅದಕ್ಕಿಂತ ಎಷ್ಟೋ ಹಳೆಯದು. ಗ್ಯಾಸ್ ಹಚ್ಚಿ ಸುಡಬೇಡಿ, ಒಣಗಿದ್ದನ್ನು ಉಜ್ಜಬೇಡಿ. ನೀರು ಹಾಕಿ ಕೆರೆದು, ಪುಡಿಯನ್ನೆಲ್ಲ ಹಾಳೆಯ ಮೇಲೆ ಬಳಿದು ತೆಗೆಯಿರಿ. ದನ, ಎಮ್ಮೆ ಇಂಥ ಬಣ್ಣ ನೆಕ್ಕಿದರೆ ಸೀಸದ ವಿಷ ಏರುತ್ತದೆ. ಕೊಟ್ಟಿಗೆ ಹತ್ತಿರ ಈ ಕೆಲಸ ಬೇಡವೇ ಬೇಡ.

ತುಕ್ಕಿಗೆ ನಾನು ನಂಬುವುದು ಪ್ಲಾಸ್ಟಿಕ್ ಡ್ರಮ್ಮು, ವಾಷಿಂಗ್ ಸೋಡಾ, 12 ವೋಲ್ಟಿನ ಬ್ಯಾಟರಿ ಚಾರ್ಜರ್. ಹತ್ತು ಲೀಟರ್ ನೀರಿಗೆ ಎರಡು ಮೂರು ದೊಡ್ಡ ಚಮಚ ಸೋಡಾ. ಮೈನಸ್ ವೈರು ಮಶೀನಿನ ಭಾಗಕ್ಕೆ, ಪ್ಲಸ್ ವೈರು ಹಳೇ ಕಬ್ಬಿಣದ ಪಟ್ಟಿಗೆ, ಎರಡೂ ಆ ನೀರಿನಲ್ಲಿ. ಪಟ್ಟಿ ಸ್ಟೇನ್‌ಲೆಸ್ ಸ್ಟೀಲಿನದು ಬೇಡ, ನೀರಿಗೆ ವಿಷಕಾರಿ ಕ್ರೋಮಿಯಂ ಬಿಡುತ್ತದೆ. ಏಳುವ ಗುಳ್ಳೆಗಳಲ್ಲಿ ಹೈಡ್ರೋಜನ್ ಇರುತ್ತದೆ. ಬಯಲಲ್ಲಿಡಿ, ಬೀಡಿ ಹಚ್ಚಬೇಡಿ, ಕೈ ಹಾಕುವ ಮುಂಚೆ ಪ್ಲಗ್ ಕೀಳಿ. ಬ್ಲೇಡನ್ನು ಇದರಲ್ಲಿ ಮುಳುಗಿಸಬೇಡಿ, ಹೈಡ್ರೋಜನ್ ಹೀರಿದ ಗಟ್ಟಿ ಉಕ್ಕು ಪೆಡಸಾಗುತ್ತದೆ.

ಹೊರಗೆ ತೆಗೆದಾಗ ತುಕ್ಕು ಕಪ್ಪು ಕೆಸರಾಗಿರುತ್ತದೆ, ಬ್ರಷ್ಷಿಗೆ ಸಲೀಸಾಗಿ ಬರುತ್ತದೆ. ಆಮೇಲೂ ಬಟ್ಟೆಗೆ ಪೆನ್ಸಿಲ್ಲಿನ ಕಪ್ಪು ಸ್ವಲ್ಪ ಅಂಟಬಹುದು. ಅದು ಬೀಡಿನೊಳಗಿನ ಗ್ರಾಫೈಟ್, ಸುಮ್ನೆ ಉಜ್ಜುತ್ತಾ ಕೂರಬೇಡಿ.

ತೊಳೆದ ಬೀಡು ನೋಡನೋಡುತ್ತಲೇ ಮತ್ತೆ ಕೆಂಪಾಗುತ್ತದೆ. ನಮ್ಮ ಬಿಸಿಲು ಇಲ್ಲಿ ಉಪಕಾರಿ: ಒರೆಸಿ ಬಿಸಿಲಿಗಿಟ್ಟರೆ ಬೇಗ ಒಣಗುತ್ತದೆ. ಆದರೆ ಕೈ ಸುಡುವಷ್ಟು ಕಾದದ್ದಕ್ಕೆ ಬಣ್ಣ ಹಚ್ಚಬೇಡಿ. ನೆರಳಲ್ಲಿ ಆರಿಸಿ, ಅದೇ ದಿನ ಪ್ರೈಮರ್ ಹೊಡೆಯಿರಿ. ಕಣಕಿ ಹೋಗುವ ಬಾಯಿಗೆ, ಬ್ಲೇಡಿಗೆ, ಹಲ್ಲುಚಕ್ರಕ್ಕೆ ಮಾತ್ರ ಬಣ್ಣ ಬೇಡ. ಹಲ್ಲುಚಕ್ರಕ್ಕೆ ಗ್ರೀಸ್, ಉಳಿದೆರಡಕ್ಕೆ ತೆಳುವಾಗಿ ಕುಸುಬಿ ಎಣ್ಣೆ ಸಾಕು.